ಮೂರನೇ ಸಿಲಿಂಡರಿನ ಕಳ್ಳ

ನಮ್ಮ ಗಾಡಿಯ ಬಾನೆಟ್ಟಿನೊಳಗೆ ಯಾರೋ ಕೈಯಾಡಿಸುತ್ತಿದ್ದಾರೆ ಎಂಬ ಸಂಶಯ ನನ್ನ ತಲೆಗೆ ಹೊಕ್ಕಿದ್ದು ಆಗಸ್ಟಿನ ಒಂದು ಮಂಗಳವಾರ. ಹಿಂದಿನ ಶನಿವಾರ ಸದ್ದಿಲ್ಲದೆ ಓಡುತ್ತಿದ್ದ ಎಂಜಿನ್ನು ಅವತ್ತು ಬಿಸಿಯಾಗುತ್ತಿದ್ದಂತೆ ಕೆಮ್ಮತೊಡಗಿತು. ಸ್ಟೇರಿಂಗ್ ನಡುಗಿತು, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಸ್ಕ್ಯಾನರ್ ಹಚ್ಚಿದರೆ ಮೂರನೇ ಸಿಲಿಂಡರಿನಲ್ಲಿ ಮಿಸ್‌ಫೈರ್ ಎಂದು ಬಂತು. ಅಂದರೆ ನಾಲ್ಕು ಸಿಲಿಂಡರುಗಳಲ್ಲಿ ಮೂರು ನೆಟ್ಟಗೆ ದುಡಿಯುತ್ತಿವೆ, ಮೂರನೆಯದು ಮಾತ್ರ ಮನಸ್ಸು ಬಂದರೆ ಉರಿಯುತ್ತದೆ, ಇಲ್ಲದಿದ್ದರೆ ಇಲ್ಲ.

“ಶನಿವಾರ ಛಲೋ ಇತ್ತಲ್ಲ ಇದು?” ಎಂದೆ ಕ್ಲಾಸಿನಲ್ಲಿ ನನ್ನ ಜೋಡಿಯಾಗಿದ್ದ ಹುಡುಗಿಗೆ.

“ಹೌದಲ್ವಾ ಅಣ್ಣ. ಎಂತ ಆಯ್ತು ಇದಕ್ಕೆ, ಅಚಾನಕ್?” ಎಂದಳು.

ಆ ‘ಅಚಾನಕ್’ ನನಗೆ ಸರಿ ಬರಲಿಲ್ಲ. ಇಪ್ಪತ್ತೈದು ವರ್ಷ ಗಾಡಿ ರಿಪೇರಿ ಮಾಡಿದವನು ನಾನು. ಗಾಡಿಯಲ್ಲಿ ಅಚಾನಕ್ ಅನ್ನುವುದೇ ಇಲ್ಲ. ಒಂದೋ ಏನೋ ಸವೆದಿರುತ್ತದೆ, ಇಲ್ಲವೇ ಯಾರೋ ಮುಟ್ಟಿರುತ್ತಾರೆ.

ಶಾಲೆ ಇದ್ದದ್ದು ಅಂಧೇರಿ ಪೂರ್ವದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಶೆಡ್ಡಿನಲ್ಲಿ. ಮೂರು ತಿಂಗಳ ಕೋರ್ಸು. ಹೊಸ ಗಾಡಿಗಳ ಸೆನ್ಸರು, ಕಂಪ್ಯೂಟರು, ವೈರಿಂಗು, ಇವುಗಳಲ್ಲಿ ಅಡಗಿದ ದೋಷ ಹಿಡಿಯುವುದನ್ನು ಕಲಿಸುತ್ತಾರೆ. ಚೆಂಬೂರಿನಲ್ಲಿ ನಾನು ಮಿಸ್ತ್ರಿಯಾಗಿರುವ ಗ್ಯಾರೇಜಿನ ಸೇಠ್, ಈಗಿನ ಗಾಡಿಗಳು ನಿನ್ನ ಕಿವಿಗೆ ಏನೂ ಹೇಳುವುದಿಲ್ಲ, ಕಲಿತು ಬಾ, ಎಂದು ನನ್ನ ಹೆಸರು ಹಚ್ಚಿಸಿದ್ದ. ಮಂಗಳವಾರ, ಗುರುವಾರ, ಶನಿವಾರ ಘಾಟ್ಕೋಪರ್‌ವರೆಗೆ ರಿಕ್ಷಾ, ಅಲ್ಲಿಂದ ಮೆಟ್ರೋ. ನಲವತ್ತಾರರ ವಯಸ್ಸಿನಲ್ಲಿ ಇಪ್ಪತ್ತರ ಹುಡುಗರ ನಡುವೆ ಬೆಂಚಿನ ಮೇಲೆ ಕೂರುವುದೆಂದರೆ ಮೈಯೆಲ್ಲ ಮುಳ್ಳು. ನನಗೆ ಏನೂ ಗೊತ್ತಿಲ್ಲ ಎಂದು ಯಾರಾದರೂ ಅಂದುಕೊಂಡಾರು ಎಂಬ ಸಿಟ್ಟು ಒಂದೇ ಸಮ ಇರುತ್ತಿತ್ತು.

ನಾವು ಹನ್ನೆರಡು ಜನ. ಇಬ್ಬಿಬ್ಬರಿಗೆ ಒಂದು ಗಾಡಿ. ನನ್ನ ಪಾಲಿಗೆ ಬಂದವಳು ಇಪ್ಪತ್ಮೂರರ ಹುಡುಗಿ. ಮನೆಯವರು ಉಡುಪಿ ಕಡೆಯವರು, ಇವಳು ಹುಟ್ಟಿ ಬೆಳೆದದ್ದು ಅಂಧೇರಿಯಲ್ಲೇ. ಅಪ್ಪನದು ಅಲ್ಲೇ ಒಂದು ಹೋಟೆಲ್. ಬಿ.ಕಾಂ. ಆಯಿತಲ್ಲ, ಗಲ್ಲೆಯ ಮೇಲೆ ಕೂತು ದುಡ್ಡಿನ ಲೆಕ್ಕ ನೋಡು, ಎಂದ ಅಪ್ಪನ ಜೊತೆ ಜಗಳಾಡಿ ಇಲ್ಲಿ ಸೇರಿದ್ದಳು. ಅಪ್ಪ ಕೊನೆಗೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಒಂದೇ ಸಲಕ್ಕೆ ಪಾಸಾಗಬೇಕು, ಆಗದಿದ್ದರೆ ಮರುಮಾತಿಲ್ಲದೆ ಗಲ್ಲೆಗೆ ಬರಬೇಕು. ಇದನ್ನು ಅವಳು ನನಗೆ ಮೊದಲ ವಾರವೇ ನಗುತ್ತ ಹೇಳಿದ್ದಳು. ನಗು ಮೇಲುಮೇಲಿನದೆಂದು ನನಗೂ ಗೊತ್ತಾಗಿತ್ತು.

“ಅಣ್ಣ, ಒಂದ್ಸಲ ನಾನು ಬಿಚ್ಲಾ?” ಎಂದು ಕೇಳುವಳು.

“ನೀ ಬರಕೋ ತಂಗಿ. ನಿನ್ನ ಅಕ್ಷರ ಚಂದ ಅದಾವ. ನನ್ನ ಕೈಗೆ ರೂಢಿ ಅದ, ಲಗೂನ ಆಗ್ತದ,” ಎನ್ನುವೆ ನಾನು. ಅವಳು ನಾವು ಮಾಡಿದ ಕೆಲಸವನ್ನು ಜಾಬ್ ಕಾರ್ಡಿನಲ್ಲಿ ಬರೆಯುವಳು.

ನಮಗೆ ಕಲಿಸುವ ಸರ್ ಮಿಲಿಟರಿ ವರ್ಕ್‌ಶಾಪಿನಿಂದ ನಿವೃತ್ತರಾಗಿ ಬಂದ ಮರಾಠಿ ಮನುಷ್ಯ. ಮಾತೆಲ್ಲ ಹಿಂದಿಯಲ್ಲಿ, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಅವರ ಒಂದು ಪದ್ಧತಿಯೆಂದರೆ, ವಿದ್ಯಾರ್ಥಿಗಳ ಗಾಡಿಯನ್ನು ಅವರು ಮುಟ್ಟುವುದಿಲ್ಲ. ಎರಡೂ ಕೈ ಪ್ಯಾಂಟಿನ ಕಿಸೆಯಲ್ಲಿಟ್ಟು ನಿಂತು ನೋಡುತ್ತಾರೆ. ಕೇಳಿದರೆ, “ಏನೇನು ನೋಡಿದೆ? ಏನು ನೋಡಿಲ್ಲ?” ಎಂದಷ್ಟೇ ಅನ್ನುತ್ತಾರೆ. ಇನ್ನೊಂದು, ಸೂಜಿಮೊನೆಯ ಟೆಸ್ಟ್ ಲ್ಯಾಂಪಿಗೆ ಶೆಡ್ಡಿನಲ್ಲಿ ಪೂರ್ತಿ ನಿಷೇಧ. ಗ್ಯಾರೇಜುಗಳಲ್ಲಿ ನಮ್ಮ ಕೈಗೂಸು ಅದು. ಹಿಡಿಕೆಯಲ್ಲಿ ಪುಟ್ಟ ಬಲ್ಬು, ತುದಿಗೆ ಸೂಜಿ. ವೈರಿನ ಹೊದಿಕೆಗೆ ಚುಚ್ಚಿದರೆ ಕರೆಂಟು ಬರುತ್ತಿದೆಯೋ ಇಲ್ಲವೋ ತಕ್ಷಣ ತಿಳಿಯುತ್ತದೆ. ಸರ್ ಅದನ್ನು ಬಿಡಿಸಿ, ವೈರಿನ ತುದಿಯ ಕನೆಕ್ಟರಿನ ಹಿಂಬದಿಯಿಂದ ಸಣ್ಣ ಪಿನ್ನು ತೂರಿಸಿ ಮಲ್ಟಿಮೀಟರಿನಲ್ಲಿ ನೋಡುವುದನ್ನು ಕಲಿಸಿದರು. ನಾನು ಹೂಂ ಅಂದೆ. ಮನಸ್ಸಿನಲ್ಲಿ, ಇವರು ಗಿರಾಕಿ ತಲೆಯ ಮೇಲೆ ನಿಂತಾಗ ಕೆಲಸ ಮಾಡಿದವರಲ್ಲ ಬಿಡು, ಅಂದುಕೊಂಡೆ.

ಮಂಗಳವಾರದ ಕಥೆಗೆ ಬರುತ್ತೇನೆ. ಮಿಸ್‌ಫೈರ್ ಅಂದರೆ ಮೊದಲು ಕಾಯಿಲ್ ನೋಡಬೇಕು. ಪ್ರತಿ ಸಿಲಿಂಡರಿನ ಮೇಲೂ ಒಂದೊಂದು ಇಗ್ನಿಶನ್ ಕಾಯಿಲ್ ಕೂತಿರುತ್ತದೆ, ಪ್ಲಗ್ಗಿಗೆ ಕಿಡಿ ಕೊಡುವುದು ಅದೇ. ಮೂರರ ಕಾಯಿಲನ್ನು ಎರಡಕ್ಕೆ, ಎರಡರದನ್ನು ಮೂರಕ್ಕೆ ಹಾಕಿದೆ. ಕಾಯಿಲ್ ಕೆಟ್ಟಿದ್ದರೆ ದೋಷ ಎರಡಕ್ಕೆ ಹೋಗಬೇಕಿತ್ತು. ಹೋಗಲಿಲ್ಲ, ಮೂರರಲ್ಲೇ ಕೂತಿತು. ಪ್ಲಗ್ ಬದಲಿಸಿದೆ. ಅದೇ ಹಾಡು. ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರ್ ಅದಲು ಬದಲು ಮಾಡಿದೆ, ಕಂಪ್ರೆಶನ್ ಅಳೆದೆ. ನಾಲ್ಕೂ ಸಿಲಿಂಡರಿನ ಒತ್ತಡ ಹೆಚ್ಚುಕಡಿಮೆ ಒಂದೇ. ಮೂರರ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ ಬ್ಯಾಟರಿಯ ಹನ್ನೆರಡು ವೋಲ್ಟು ಪೂರ್ತಿ ಬರುತ್ತಿತ್ತು. ಗುರುವಾರವೂ ಇದೇ ಆಯಿತು. ಎಲ್ಲ ಸರಿ ಇದೆ, ಗಾಡಿ ಮಾತ್ರ ಸರಿ ಇಲ್ಲ.

ನನಗೆ ಮೊದಲು ಸಂಶಯ ಬಂದದ್ದು ಸರ್ ಮೇಲೆ. ಯಾಕೆಂದರೆ ಆ ಶಾಲೆಯ ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ಬೀಗ ಹಾಕಿದ ಒಂದು ಪೆಟ್ಟಿಗೆ ಇರುತ್ತದೆ. ಒಳಗೆ ಸಾಲು ಸ್ವಿಚ್ಚುಗಳು. ಒಂದನ್ನು ಕೆಳಗೆ ಮಾಡಿದರೆ ಒಂದು ಸೆನ್ಸರ್ ಸಾಯುತ್ತದೆ, ಇನ್ನೊಂದನ್ನು ಮಾಡಿದರೆ ಪಂಪ್ ನಿಲ್ಲುತ್ತದೆ. ಬೇಕೆಂದೇ ಕೆಡಿಸಿ ನಮ್ಮ ಕೈಲಿ ಹುಡುಕಿಸುವ ಉಪಾಯ. ಬೀಗದ ಕೈ ಸರ್ ಹತ್ತಿರ. ಎರಡು ವಾರದಲ್ಲಿ ಜಾಬ್ ಟೆಸ್ಟ್ ಇತ್ತು, ಹೊರಗಿನ ಪರೀಕ್ಷಕರ ಎದುರು ಪ್ರತಿ ಜೋಡಿ ತನ್ನ ಗಾಡಿಯನ್ನು ದೋಷವಿಲ್ಲದೆ ಒಪ್ಪಿಸಬೇಕು. ಹಳೇ ಮಿಸ್ತ್ರಿಯ ಸೊಕ್ಕು ಇಳಿಸೋಣ ಎಂದು ಈ ಮನುಷ್ಯ ನನ್ನ ಗಾಡಿಗೇ ಗಂಟುಬಿದ್ದಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

“ಸರ್, ನೀವು ಸ್ವಿಚ್ ಏನಾದರೂ ಹಾಕಿದ್ದೀರಾ?” ಎಂದು ನೇರವಾಗಿ ಕೇಳಿದೆ.

ಅವರು ಕಿಸೆಯಿಂದ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟರು. “ನೀನೇ ತೆಗೆದು ನೋಡು.”

ತೆಗೆದೆ. ಎಲ್ಲ ಸ್ವಿಚ್ಚುಗಳೂ ಮೇಲಕ್ಕಿದ್ದವು. ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈ ವಾಪಸ್ ಕೊಟ್ಟೆ. ಆದರೆ ಸಂಶಯ ಅಷ್ಟಕ್ಕೆ ಸಾಯುವ ಜಾತಿಯದಲ್ಲ, ಪಕ್ಕದ ಮನೆಗೆ ಹೋಗುತ್ತದೆ. ಸೋಮವಾರ, ಬುಧವಾರ, ಶುಕ್ರವಾರ ಇದೇ ಗಾಡಿಗಳನ್ನು ಇನ್ನೊಂದು ಬ್ಯಾಚು ಬಳಸುತ್ತಿತ್ತು. ಅವರ ರಿಜಿಸ್ಟರ್ ತೆಗೆಸಿ ನೋಡಿದೆ. ಆ ಎರಡು ವಾರ ಅವರದು ಬ್ರೇಕಿನ ಪಾಠ, ನಮ್ಮ ಗಾಡಿಯ ಬಾನೆಟ್ಟು ತೆರೆದೇ ಇಲ್ಲ.

ಮನೆಯಲ್ಲಿ ಊಟಕ್ಕೆ ಕೂತಾಗಲೂ ಇದೇ ಮಾತು. ಹೆಂಡತಿ ರೊಟ್ಟಿ ಬಡಿಸುತ್ತ, “ನಿಮಗ ಮಜ್ಜಿಗಿ ಹುಳಿ ಆದ್ರೂ ಯಾರೋ ನಿಂಬಿಹಣ್ಣು ಹಿಂಡ್ಯಾರ ಅನಸ್ತದ. ಸುಮ್ಕ ಉಣ್ರಿ,” ಎಂದಳು. ನಾನು ಸುಮ್ಮನೆ ಉಣ್ಣಲಿಲ್ಲ. ಶನಿವಾರ ಶಾಲೆಗೆ ಹೋಗುವಾಗ ಕಿಸೆಯಲ್ಲಿ ಹಳದಿ ಪೇಂಟಿನ ಪೆನ್ನು ಇಟ್ಟುಕೊಂಡೆ.

ಗ್ಯಾರೇಜಿನಲ್ಲಿ ನಮ್ಮದೊಂದು ರೂಢಿ. ಬಿಗಿ ಮಾಡಿದ ನಟ್ಟಿನ ಮೇಲೆ ಒಂದು ಬಣ್ಣದ ಗೀಟು ಎಳೆಯುತ್ತೇವೆ, ಅದು ನಟ್ಟಿನಿಂದ ಪಕ್ಕದ ಲೋಹದ ಮೇಲೂ ಹರಿಯಬೇಕು. ಯಾರಾದರೂ ನಟ್ಟು ತಿರುವಿದರೆ ಗೀಟು ತುಂಡಾಗಿ ಎರಡು ಕಡೆ ಸರಿಯುತ್ತದೆ. ಅದೇ ಉಪಾಯ ಇಲ್ಲಿ ಹೂಡಿದೆ. ಶನಿವಾರ ಕ್ಲಾಸು ಮುಗಿದು ಎಲ್ಲರೂ ಕೈ ತೊಳೆಯಲು ಹೋದಾಗ ನಾಲ್ಕೂ ಕಾಯಿಲುಗಳ ಬೋಲ್ಟಿನ ಮೇಲೆ ಸಣ್ಣಗೆ ಗೀಟು ಎಳೆದೆ. ಜೋಡಿಗೂ ಹೇಳಲಿಲ್ಲ. ಅವಳು ಹೊರಡುವಾಗ, “ಸೀ ಯೂ ಅಣ್ಣ, ಟೆನ್ಶನ್ ಮಾಡ್ಬೇಡಿ, ಸಿಗ್ತದೆ,” ಎಂದು ಹೋದಳು.

ಮಂಗಳವಾರ ಬಂದು ಬಾನೆಟ್ಟು ಎತ್ತಿದೆ. ನಾಲ್ಕು ಬೋಲ್ಟಿನ ಗೀಟೂ ಮುರಿದಿದ್ದವು.

ಖುಷಿಯೋ ಸಿಟ್ಟೋ ಹೇಳಲಾರೆ, ಎರಡೂ ಇದ್ದವು. ನೆಟ್ಟಗೆ ಗೇಟಿನ ವಾಚ್‌ಮನ್ ಹತ್ತಿರ ಹೋದೆ. ನಮ್ಮ ಶೆಡ್ಡಿಗೆ ಬೇಗ ಯಾರು ಬರುತ್ತಾರೆ ಎಂದು ಕೇಳಿದೆ. ಅವನು ತಂಬಾಕು ತಿಕ್ಕುತ್ತ, “ನಿಮ್ಮ ಜೋಡಿಯ ಮೇಡಮ್ಮೇ ಬರ್ತಾರಲ್ಲ. ತಿಂಗಳ ಮೇಲಾಯ್ತು. ಕ್ಲಾಸು ಹನ್ನೆರಡಕ್ಕಿದ್ರೆ ಇವರು ಹತ್ತೂವರೆಗೇ ಹಾಜರು. ಗಾಡಿಯ ಬಾನೆಟ್ ತೆಗೆದು ಏನೇನೋ ಮಾಡ್ತಾ ಇರ್ತಾರೆ,” ಎಂದ.

ಏನೇನೋ ಮಾಡುತ್ತಾ ಇರುತ್ತಾಳೆ! ನನಗೆ ಎಲ್ಲ ಒಂದಕ್ಕೊಂದು ಕೂಡಿಬಂತು. ಒಂದು ದಿನ ನಾನು ಸ್ವಲ್ಪ ಬೇಗ ಬಂದಾಗ ಅವಳು ದಡಬಡ ಬಾನೆಟ್ಟು ಹಾಕಿದ್ದು ನೆನಪಾಯಿತು. ಕೈ ತೊಳೆದು ಬಂದರೂ ಉಗುರಿನಲ್ಲಿ ಗ್ರೀಸ್ ಇರುತ್ತಿದ್ದದ್ದು ನೆನಪಾಯಿತು. ಮೇಲಿಂದ ಅಣ್ಣ, ಅಣ್ಣ! ಅಲ್ಲ, ತನ್ನ ಗಾಡಿಯನ್ನೇ ಯಾಕೆ ಕೆಡಿಸಿಕೊಳ್ಳುತ್ತಾಳೆ ಎಂದು ಯಾರಾದರೂ ಕೇಳಬಹುದಿತ್ತು. ಅದಕ್ಕೂ ನನ್ನ ಹತ್ತಿರ ಉತ್ತರ ತಯಾರಿತ್ತು. ಟೆಸ್ಟಿನ ದಿನ ತಾನೇ ಕೆಡಿಸಿದ್ದನ್ನು ತಾನೇ ಹಿಡಿದು, ಪರೀಕ್ಷಕರ ಎದುರು ಶಹಬ್ಬಾಸ್ ಅನ್ನಿಸಿಕೊಳ್ಳುತ್ತಾಳೆ, ನಾನು ಬಾಯಿ ಬಿಟ್ಟುಕೊಂಡು ನಿಲ್ಲಬೇಕು. ಇಷ್ಟನ್ನೂ ಗೇಟಿನಿಂದ ಸರ್ ಆಫೀಸಿಗೆ ನಡೆಯುವ ಹೊತ್ತಿನಲ್ಲಿ ಹೆಣೆದೆ.

ಸರ್ ನನ್ನ ಮಾತು ಪೂರ್ತಿ ಕೇಳಿದರು. ಅವಳನ್ನು ಕರೆಸಿದರು. ನಾನು ಅಲ್ಲೇ ಗೋಡೆಗೆ ಆತು ನಿಂತಿದ್ದೆ.

“ಯಾರೂ ಇಲ್ಲದಾಗ ಕಾಯಿಲ್ ಬಿಚ್ಚಿದೆಯಾ?”

ಅವಳು ನನ್ನ ಕಡೆ ಒಂದು ಸಲ ನೋಡಿದಳು. “ಹೌದು ಸರ್.”

“ಯಾಕೆ?”

“ಪ್ರಾಕ್ಟೀಸ್ ಮಾಡ್ಲಿಕ್ಕೆ. ಬಿಚ್ಚಿ ಹಾಗೇ ವಾಪಸ್ ಹಾಕ್ತೇನೆ ಸರ್. ಬೇರೆ ಏನೂ ಮುಟ್ಟಿಲ್ಲ.”

“ಪ್ರಾಕ್ಟೀಸು ಕ್ಲಾಸಿನಲ್ಲಿ ಆಗುವುದಿಲ್ಲವಾ?”

ಅವಳು ಮಾತಾಡಲಿಲ್ಲ. ಇನ್ನೊಮ್ಮೆ ನನ್ನ ಕಡೆ ನೋಡಿ ತಲೆ ತಗ್ಗಿಸಿದಳು. ನೋಡಿದ್ರಾ ಸರ್, ಬಾಯಿ ಕಟ್ಟಿತು, ಎಂದೆ ನಾನು. ಆ ಮಾತು ಆಡಿದ್ದು ನಾನೇ, ಇಲ್ಲಿ ಮುಚ್ಚಿಡುವುದಿಲ್ಲ.

ಶಾಲೆಯ ನಿಯಮ ಗೋಡೆಯ ಮೇಲೇ ಇತ್ತು. ಕಲಿಸುವವರಿಲ್ಲದಾಗ ಗಾಡಿ ಮುಟ್ಟಿದರೆ ವಿಚಾರಣೆ ಮುಗಿಯುವವರೆಗೆ ಪ್ರವೇಶವಿಲ್ಲ, ಗಾಡಿ ಕೆಡಿಸಿದ್ದು ಖಾತ್ರಿಯಾದರೆ ಹೆಸರೇ ತೆಗೆಯುವುದು. ಸರ್ ಅವಳ ಗುರುತಿನ ಕಾರ್ಡು ಇಸಿದುಕೊಂಡರು. ಫಾರ್ಮಿನಲ್ಲಿದ್ದ ಅಪ್ಪನ ನಂಬರಿಗೆ ಆಫೀಸಿನವರು ಫೋನು ಮಾಡಿದರು. ಜಾಬ್ ಟೆಸ್ಟಿಗೆ ಉಳಿದದ್ದು ನಾಲ್ಕೇ ದಿನ, ಅದೇ ಶನಿವಾರ. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಹೊರಡುವಾಗ ನನ್ನ ಹತ್ತಿರ ನಿಂತು, “ಅಣ್ಣ, ನೀವಾ?” ಎಂದಷ್ಟೇ ಕೇಳಿದಳು. ನಾನು ಟೂಲ್ ಟ್ರಾಲಿಯಲ್ಲಿ ಏನೋ ಹುಡುಕುವವನಂತೆ ಬಗ್ಗಿದೆ.

ಗುರುವಾರ ನಾನೊಬ್ಬನೇ. ಕಳ್ಳ ಸಿಕ್ಕಾಯಿತು, ಇನ್ನು ಏನು ಕೆಡಿಸಿದ್ದಾಳೆ ಎಂದು ಹಿಡಿದರೆ ಮುಗಿಯಿತು ಎಂದು ಹುಮ್ಮಸ್ಸಿನಲ್ಲಿ ಬಂದಿದ್ದೆ. ಮಂಗಳವಾರವೇ ಬೋಲ್ಟುಗಳ ಮೇಲೆ ಹೊಸ ಗೀಟು ಎಳೆದಿದ್ದೆ. ಅವು ಹಾಗೇ ಇದ್ದವು. ಯಾರೂ ಮುಟ್ಟಿರಲಿಲ್ಲ. ಸ್ಟಾರ್ಟ್ ಮಾಡಿದೆ. ಎರಡು ನಿಮಿಷ ನೆಟ್ಟಗೆ ಓಡಿ, ಬಿಸಿಯಾದ ಕೂಡಲೇ ಮತ್ತೆ ಅದೇ ಕೆಮ್ಮು, ಅದೇ ಮೂರನೇ ಸಿಲಿಂಡರು.

ಸರ್ ಕೈ ಕಿಸೆಯಲ್ಲಿಟ್ಟು ಬಂದು ನಿಂತರು. “ಏನೇನು ನೋಡಿದೆ?”

ಎಲ್ಲ ಹೇಳಿದೆ. ಹನ್ನೆರಡು ವೋಲ್ಟು ಬರುತ್ತಿದೆ, ವೈರಿನ ರೆಸಿಸ್ಟೆನ್ಸೂ ಸರಿ ಇದೆ, ಎಂದೆ.

“ಕನೆಕ್ಟರ್ ಬಿಚ್ಚಿ ನೋಡಿದ್ದೀಯಾ, ಕೆಲಸಕ್ಕೆ ಹಚ್ಚಿ ನೋಡಿದ್ದೀಯಾ?”

“ಬಿಚ್ಚಿ,” ಎಂದೆ.

“ಸ್ಟೇಷನ್ನಿನ ಸೇತುವೆ ಮಧ್ಯಾಹ್ನ ನೋಡಿದರೆ ಅಗಲವಾಗೇ ಕಾಣುತ್ತದೆ. ಒಬ್ಬ ಆರಾಮಾಗಿ ದಾಟುತ್ತಾನೆ. ಬೆಳಗಿನ ಲೋಕಲ್ ಬಂದಾಗ ನೋಡು. ವೈರಿಗೂ ಗರ್ದಿ ಹಚ್ಚಿ ನೋಡಬೇಕು,” ಎಂದು ಕಪಾಟಿನ ಕಡೆ ಗದ್ದ ತೋರಿಸಿ ಹೋದರು.

ಕಪಾಟಿನಲ್ಲಿ ಹೆಡ್‌ಲೈಟಿನ ಬಲ್ಬೊಂದಕ್ಕೆ ಎರಡು ತಂತಿ ಬೆಸೆದು ಇಟ್ಟಿದ್ದರು. ಅದು ಎಳೆಯುವ ಕರೆಂಟು ದೊಡ್ಡದು, ಮಲ್ಟಿಮೀಟರಿನಂತೆ ಮೂಸಿ ಬಿಡುವುದಲ್ಲ. ಎರಡನೇ ಕಾಯಿಲಿನ ಕನೆಕ್ಟರ್ ಬಿಚ್ಚಿ, ಕರೆಂಟು ಬರುವ ಪಿನ್ನಿಗೆ ಬಲ್ಬಿನ ಒಂದು ತಂತಿ, ಬ್ಯಾಟರಿಯ ನೆಗೆಟಿವ್‌ಗೆ ಇನ್ನೊಂದು. ಬಲ್ಬು ಕಣ್ಣು ಕುಕ್ಕುವಂತೆ ಹತ್ತಿತು. ಒಂದು, ನಾಲ್ಕು, ಅವೂ ಹಾಗೇ. ಮೂರಕ್ಕೆ ಹಚ್ಚಿದೆ. ಕೆಂಪಗೆ, ಆರಿಹೋಗುವ ಬೀಡಿಯಂತೆ ಮಿಣುಕಿತು.

ಹಾಗಾದರೆ ದೋಷ ವೈರಿನಲ್ಲೇ. ನಾಲ್ಕು ಕಾಯಿಲಿಗೂ ಕರೆಂಟು ಒಂದೇ ವೈರಿನಿಂದ ಬಂದು ಒಂದು ಗಂಟಿನಲ್ಲಿ ಕವಲೊಡೆಯುತ್ತದೆ. ಉಳಿದ ಮೂರೂ ಸರಿಯಿದ್ದರೆ ಗಂಟಿನವರೆಗೆ ಚಿಂತೆಯಿಲ್ಲ. ಗಂಟಿನಿಂದ ಮೂರನೇ ಕನೆಕ್ಟರಿನವರೆಗಿನ ಒಂದು ಗೇಣು ವೈರು ಮಾತ್ರ ಉಳಿಯಿತು. ಆ ಗೇಣು ವೈರಿನಲ್ಲಿ ಅವಳು ಏನು ಮಾಡಿರಬಹುದು ಎಂದು ನನ್ನ ತಲೆ ಆಗಲೂ ಓಡುತ್ತಿತ್ತು. ಬ್ಲೇಡು ಆಡಿಸಿರಬೇಕು, ಇಲ್ಲ ಒಳಗಿಂದ ಎಳೆ ಕತ್ತರಿಸಿರಬೇಕು.

ಟೇಪು ಬಿಚ್ಚಿದೆ. ಹೊರಗಿನ ಸುಕ್ಕುಸುಕ್ಕು ಪ್ಲಾಸ್ಟಿಕ್ ಕೊಳವೆಯನ್ನು ಸೀಳಿ ತೆಗೆದೆ. ಒಳಗೆ ನೀರಿನ ಪಸೆ ಇತ್ತು. ವೈರನ್ನು ಬೆರಳಲ್ಲಿ ಸವರುತ್ತ ಬಂದೆ. ಕನೆಕ್ಟರಿನಿಂದ ನಾಲ್ಕು ಬೆರಳು ಹಿಂದೆ ಒಂದು ಕಡೆ ವೈರು ಉಬ್ಬಿತ್ತು. ಉಬ್ಬಿನ ನಡುವೆ ಒಂದು ತೂತು, ಅದರ ಸುತ್ತ ಹಸಿರು ಕಿಲುಬು. ಬಾಗಿಸಿದರೆ ಒಳಗಿಂದ ಹಸಿರು ಪುಡಿ ಉದುರಿತು. ತಾಮ್ರದ ಎಳೆಗಳೆಲ್ಲ ತಿಂದುಹೋಗಿ ಒಂದೋ ಎರಡೋ ಉಳಿದಿದ್ದವು.

ಬ್ಲೇಡಿನ ಗಾಯ ಅದಾಗಿರಲಿಲ್ಲ. ದುಂಡಗೆ, ಸಣ್ಣಗೆ, ಸೂಜಿಯ ತೂತು.

ಅಂಥ ತೂತನ್ನು ನಾನು ಜೀವಮಾನದಲ್ಲಿ ಸಾವಿರಾರು ಮಾಡಿದ್ದೇನೆ. ಇದು ಯಾವಾಗಿನದೆಂಬುದೂ ನೆನಪಾಯಿತು. ಕೋರ್ಸಿನ ಮೂರನೇ ವಾರ, ಜೂನ್. ಕಾಯಿಲಿಗೆ ಕರೆಂಟು ಬರುತ್ತಿದೆಯೇ ಎಂದು ನೋಡುವ ಪಾಠ. ಸರ್ ಹೇಳಿದಂತೆ ಪಿನ್ನು ತೂರಿಸಿ ನೋಡೋಣ ಅಣ್ಣ, ಎಂದು ಹುಡುಗಿ ಪಿನ್ನು ತರಲು ಹೋಗಿದ್ದಳು. ಇದಕ್ಕೆ ಪಿನ್ನು ಯಾಕೆ, ಎಂದು ನಾನು ಚೀಲದಿಂದ ನನ್ನ ಟೆಸ್ಟ್ ಲ್ಯಾಂಪ್ ತೆಗೆದು, ಕೊಳವೆ ಪಕ್ಕಕ್ಕೆ ಸರಿಸಿ, ಒಂದು ಚುಚ್ಚಿ, ಬಲ್ಬು ಹತ್ತಿದ್ದು ನೋಡಿ ಮತ್ತೆ ಚೀಲಕ್ಕೆ ಹಾಕಿದ್ದೆ. ಅವಳು ಪಿನ್ನು ತರುವಷ್ಟರಲ್ಲಿ, “ನೋಡಿದೆ ತಂಗಿ, ಬರ್ತದ ಅಂತ ಬರಿ,” ಎಂದಿದ್ದೆ. ಅವಳು ಬರೆದಿದ್ದಳು. ಆಮೇಲೆ ಜೂನು, ಜುಲೈ, ಆಗಸ್ಟಿನ ಮಳೆ. ಶೆಡ್ಡಿನ ಸೋರುವ ತಗಡಿನ ಪತ್ರಾ. ವಾರಕ್ಕೊಮ್ಮೆ ಎಂಜಿನ್ನಿಗೆ ನೀರು ಹೊಡೆದು ತೊಳೆಯುವುದು ಬೇರೆ. ನಾನು ತೆರೆದಿಟ್ಟ ಬಾಗಿಲಿನಿಂದ ನೀರು ಒಳಗೆ ಹೋಗಿ ತಾಮ್ರವನ್ನು ತಿನ್ನುತ್ತ ಕೂತಿತ್ತು.

ಗ್ಯಾರೇಜಿನಲ್ಲಿ ಇದು ನಮಗೆ ಗೊತ್ತಾಗುವುದೇ ಇಲ್ಲ. ನಾವು ಚುಚ್ಚುತ್ತೇವೆ, ಗಾಡಿ ಹೋಗುತ್ತದೆ. ಮೂರು ತಿಂಗಳಿಗೆ ವಾಪಸ್ ಬಂದರೆ, ವೈರಿಂಗ್ ಹಳೇದಾಗಿದೆ ಸಾಬ್, ಎನ್ನುತ್ತೇವೆ. ಅದೇ ಗಾಡಿಯ ಎದುರು ಮೂರು ತಿಂಗಳು ನಿಂತದ್ದು ಇದೇ ಮೊದಲು. ತಾ ಕಳ್ಳ ಪರರ ನಂಬ ಎಂದು ನಮ್ಮವ್ವ ಹೇಳುತ್ತಿದ್ದಳು.

ಸರ್ ಆ ಹೊತ್ತಿಗೆ ಶೆಡ್ಡಿನ ಇನ್ನೊಂದು ತುದಿಯಲ್ಲಿದ್ದರು. ನನ್ನ ಕೈಯಲ್ಲಿ ಕಟ್ಟರ್ ಇತ್ತು. ಎರಡು ಇಂಚು ಕತ್ತರಿಸಿ, ಹೊಸ ತುಂಡು ಬೆಸೆದು, ಟೇಪು ಸುತ್ತಿದರೆ ಹತ್ತು ನಿಮಿಷದ ಕೆಲಸ. ಜಾಬ್ ಕಾರ್ಡಿನಲ್ಲಿ ‘ವೈರು ಹಾಳಾಗಿತ್ತು, ಬದಲಿಸಿದೆ’ ಎಂದು ಬರೆದರೆ ಶನಿವಾರ ನಾನು ಪಾಸು. ಹುಡುಗಿಯ ಮೇಲಿನ ಮಾತು ಹಾಗೇ ನಿಲ್ಲುತ್ತದೆ. ಅವಳೇ ಒಪ್ಪಿಕೊಂಡಿದ್ದಾಳಲ್ಲ, ಬೋಲ್ಟು ತಿರುವಿದ್ದು ಅವಳೇ ತಾನೇ, ಎಂದು ಮನಸ್ಸು ವಕೀಲಿಕೆ ಶುರುಮಾಡಿತು. ಕಟ್ಟರನ್ನು ವೈರಿಗೆ ಹಚ್ಚಿಯೂ ಇದ್ದೆ, ಸುಳ್ಳು ಹೇಳಲಾರೆ.

ಆದರೆ ಆಫೀಸಿನಲ್ಲಿ ಅವಳು ಯಾಕೆ ಬಾಯಿ ಬಿಡಲಿಲ್ಲ ಎಂಬುದು ಆ ಹೊತ್ತಿಗೆ ನನಗೆ ಹೊಳೆಯಿತು. ಪ್ರಾಕ್ಟೀಸು ಕ್ಲಾಸಿನಲ್ಲಿ ಆಗುವುದಿಲ್ಲವಾ ಎಂದು ಸರ್ ಕೇಳಿದಾಗ ಹೇಳಬೇಕಾದ ಉತ್ತರ ಗೋಡೆಗೆ ಆತು ನಿಂತಿತ್ತು. ನಾನು ಅವಳಿಗೆ ಒಂದು ಬೋಲ್ಟು ಬಿಚ್ಚಲು ಬಿಟ್ಟಿರಲಿಲ್ಲ. ಅದನ್ನು ಹೇಳಿದ್ದರೆ ಸರ್ ನನ್ನನ್ನು ಬೈಯುತ್ತಿದ್ದರು. ಅವಳು ನನ್ನ ಮರ್ಯಾದೆ ಉಳಿಸಿ ತಾನು ಕಾರ್ಡು ಕೊಟ್ಟು ಹೋದಳು.

ಕಟ್ಟರ್ ಕೆಳಗಿಟ್ಟೆ. ಚೀಲದಿಂದ ಟೆಸ್ಟ್ ಲ್ಯಾಂಪ್ ತೆಗೆದುಕೊಂಡು ಸರ್ ಹತ್ತಿರ ಹೋದೆ. “ಗಾಡಿ ಕೆಡಿಸಿದ್ದು ನಾನು,” ಎಂದೆ. ಕರೆದುಕೊಂಡು ಬಂದು ತೂತು ತೋರಿಸಿದೆ, ಜೂನಿನ ಕಥೆ ಹೇಳಿದೆ, ಬೋಲ್ಟು ಬಿಚ್ಚಲು ಅವಳು ಬೇಗ ಬರುತ್ತಿದ್ದದ್ದು ಯಾಕೆಂಬುದನ್ನೂ ಹೇಳಿದೆ. ಅವರು ಬಗ್ಗಿ ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು.

“ಈ ಸಲ ನೀನು ಟೆಸ್ಟಿಗೆ ಕೂರುವ ಹಾಗಿಲ್ಲ,” ಎಂದರು. “ಮುಂದಿನ ಬ್ಯಾಚಿನಲ್ಲಿ ಮೊದಲ ಪಾಠದಿಂದ ಬಾ. ವೈರು ಹೀಗೇ ಇರಲಿ. ನಾಲ್ಕೂ ಕಾಯಿಲಿನ ವೈರಿಗೆ ಹೊಸ ಕೊಳವೆ, ಹೊಸ ಟೇಪು ಹಾಕು, ಒಂದೇ ಥರ ಕಾಣಬೇಕು. ಅವಳು ಬಂದರೆ ಟೆಸ್ಟಿನಲ್ಲಿ ಇದನ್ನೇ ಹಿಡಿಯಲಿ.”

ಆ ‘ಬಂದರೆ’ ಎಂಬುದರ ತೂಕ ಕೂಡಲೇ ಗೊತ್ತಾಯಿತು. ಆಫೀಸಿನಿಂದ ಅವಳಿಗೆ ಫೋನು ಹಚ್ಚಿದರೆ ಎತ್ತಲಿಲ್ಲ. ಅಪ್ಪನ ನಂಬರಿಗೆ ಹಚ್ಚಿದಾಗ ಅವರು ಎತ್ತಿ, ಇನ್ನು ಅವಳು ಬರುವುದಿಲ್ಲ, ಅಲ್ಲಿಗೆ ಮುಗಿಯಿತು, ಎಂದು ಇಟ್ಟರು. ನಾನು ಹೋಟೆಲಿನ ಗುರುತು ಕೇಳಿಕೊಂಡು ಹೊರಟೆ.

ಸಂಜೆ ಐದರ ಹೊತ್ತು, ಚಹಾದ ಗರ್ದಿ. ಅವಳು ಗಲ್ಲೆಯ ಮೇಲೆ ಕೂತು ಚಿಲ್ಲರೆ ಕೊಡುತ್ತಿದ್ದಳು. ನನ್ನನ್ನು ನೋಡಿದಳು, ನೋಡದಂತೆ ಮುಂದಿನ ಗಿರಾಕಿಯ ಬಿಲ್ಲು ತೆಗೆದುಕೊಂಡಳು. ಪಕ್ಕದಲ್ಲಿ ನಿಂತಿದ್ದ ಬಿಳಿ ಶರ್ಟಿನ ಹಿರಿಯರು ಅಪ್ಪ ಎಂದು ಮೂಗು ನೋಡಿಯೇ ಗೊತ್ತಾಯಿತು.

“ನಾ ನಿಮ್ಮ ಮಗಳ ಜೋಡಿ ಕಲಿಯಾಂವ್ರಿ,” ಎಂದೆ.

“ಓ, ಕಂಪ್ಲೇಂಟ್ ಕೊಟ್ಟ ಜನ ನೀವೇಯಾ?” ಎಂದರು. ಕುಳಿತುಕೊಳ್ಳಿ ಎನ್ನಲಿಲ್ಲ.

“ಹೌದ್ರಿ. ಆ ಕಂಪ್ಲೇಂಟ್ ಸುಳ್ಳದರಿ. ಗಾಡಿ ಕೆಡಿಸಿದಾಂವ ನಾ. ನಿಮ್ಮ ಮಗಳದೇನೂ ತಪ್ಪಿಲ್ಲ. ಸರ್ ಮುಂದ ಒಪ್ಪಿಕೊಂಡು ಬಂದೀನ್ರಿ. ಶನಿವಾರ ಟೆಸ್ಟ್ ಅದ. ಅಕಿನ್ನ ಕಳಸ್ರಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಅವರು ಕೌಂಟರಿನ ಮೇಲಿನ ಸೋಂಪಿನ ತಟ್ಟೆಯನ್ನು ಸುಮ್ಮನೆ ಅತ್ತಿತ್ತ ಸರಿಸಿದರು. “ಅವತ್ತು ಅವಳು ಮನೆಗೆ ಬಂದು, ಪಪ್ಪಾ, ನಾನು ಮಾಡಿದ್ದಲ್ಲ ಅಂತ ಹೇಳಿದ್ಲು ಮಾರಾಯ್ರೆ,” ಎಂದರು. “ಶಾಲೆಯವರು ಸುಮ್ಮನೆ ಫೋನ್ ಮಾಡ್ತಾರಾ ಅಂತ ನಾನೇ ಬೈದೆ. ನಾನೂ ನಂಬಲಿಲ್ಲ.” ಆಮೇಲೆ ಮಗಳ ಕಡೆ ತಿರುಗಿ ತುಳುವಿನಲ್ಲಿ ಏನೋ ಮೆಲ್ಲಗೆ ಹೇಳಿ, ಗಲ್ಲೆಯ ಕುರ್ಚಿಯ ಹಿಂದೆ ಬಂದು ನಿಂತರು. ಅವಳು ಎದ್ದಳು. ಅವರು ಕೂತರು.

ಹೊರಗೆ ಫುಟ್‌ಪಾತಿನವರೆಗೆ ಅವಳ ಹಿಂದೆ ಬಂದೆ. ತಪ್ಪಾತವ್ವಾ, ಎಂದೆ. ಅವಳು ದುಪಟ್ಟಾದ ತುದಿಯಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಏನಾದರೂ ಮಾಡಿ ಅವಳಿಗೆ ನೆರವಾಗಬೇಕು ಎಂಬ ಅವಸರ ನನಗೆ. ಟೆಸ್ಟಿನಲ್ಲಿ ಬರುವುದು ಅದೇ ಗಾಡಿ, ಅದೇ ದೋಷ. ಹೇಳಿಬಿಟ್ಟರೆ ಅವಳು ಕಣ್ಣುಮುಚ್ಚಿ ಪಾಸಾಗುತ್ತಾಳೆ.

“ಕೇಳಿಲ್ಲಿ ತಂಗಿ. ಶನಿವಾರ ನೀ ಏನೂ ಹುಡುಕ್ಯಾಡಬ್ಯಾಡ. ಫಾಲ್ಟ್ ಎಲ್ಲಿ ಅದ ಅಂದ್ರ...”

“ಬೇಡ ಅಣ್ಣ!” ಎಂದು ಅವಳು ಕೈ ಅಡ್ಡ ಹಿಡಿದಳು. ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಚಹಾ ಕುಡಿಯುತ್ತಿದ್ದವರು ತಿರುಗಿ ನೋಡಿದರು. “ಹೇಳ್ಬೇಡಿ. ಅದನ್ನಾದ್ರೂ ನನಗೆ ಮಾಡ್ಲಿಕ್ಕೆ ಬಿಡಿ.”

ನಾನು ಹೇಳದೆ ಮೆಟ್ರೋ ಕಡೆ ನಡೆದೆ.

ಶನಿವಾರ ಮಧ್ಯಾಹ್ನ ಗ್ಯಾರೇಜಿನಲ್ಲಿದ್ದಾಗ ಸರ್ ಫೋನು ಬಂತು. ಅವಳೊಬ್ಬಳೇ ಗಾಡಿ ಒಪ್ಪಿಸಿದಳಂತೆ, ದೋಷವಿಲ್ಲದೆ. ನನಗೆ ಐದು ಕ್ಲಾಸು ಹಿಡಿದದ್ದಕ್ಕೆ ಅವಳಿಗೆ ಎಷ್ಟು ಹೊತ್ತು ಹಿಡಿಯಿತು ಸರ್, ಎಂದು ಕೇಳಿದೆ.

“ನಲವತ್ತು ನಿಮಿಷ,” ಎಂದರು.